ಹಾಳೆ ತಟ್ಟೆಯ ದಾರಿ ಎಲ್ಲಿ ಸಿಕ್ಕುಬಿತ್ತು?

ಅಡಿಕೆ ಹಾಳೆಯ ತಟ್ಟೆಯಲ್ಲಿ ಉಣ್ಣಬಹುದೋ ಬಾರದೋ? ನಮ್ಮ ಕಡೆ ಯಾರೂ ಕೇಳದಿದ್ದ ಈ ಪ್ರಶ್ನೆಯನ್ನು 2025ರ ಮೇ ತಿಂಗಳ ನಂತರ ಮದುವೆಮನೆಯ ಪಂಕ್ತಿಯಲ್ಲೂ ಕೇಳುತ್ತಿದ್ದಾರೆ. ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳಿಗೆ ಆಹಾರ ಬಡಿಸಲು ಅನುಮತಿ ಇಲ್ಲ, ಅಂಗಡಿ ಹೋಟೆಲಿನವರು ಬಳಕೆ ನಿಲ್ಲಿಸಬೇಕು ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಆಗ ಹೇಳಿತು. ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಹಾನಿಕರ ಅಂಶಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂಬುದು ಅವರ ಆತಂಕ.

ಹಾಳೆ ಎಂದರೆ ಅಡಿಕೆಯೂ ಅಲ್ಲ, ಎಲೆಯೂ ಅಲ್ಲ. ಹಣ್ಣಾದ ಸೋಗೆ ಕಳಚಿ ಬಿದ್ದಾಗ ಅದರ ಬುಡದಲ್ಲಿ ಮರವನ್ನು ತಬ್ಬಿಕೊಂಡಿದ್ದ ಅಗಲದ ಭಾಗ ಅದು. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಕರಾವಳಿ, ಮಲೆನಾಡಿನಲ್ಲಿ ಅದು ತಲೆಗೆ ಮುಟ್ಟಾಳೆಯಾಯಿತು, ಬೀಸಣಿಗೆಯಾಯಿತು, ಹಟ್ಟಿಯಲ್ಲಿ ಮೇವಾಯಿತು. ಎಳೆ ಮಗುವನ್ನು ಅದರಲ್ಲೇ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿದರು. ದುಡ್ಡು ಕೊಟ್ಟು ಕೊಂಡವರು ಮಾತ್ರ ಯಾರೂ ಇರಲಿಲ್ಲ.

ಅಚ್ಚಿನ ಯಂತ್ರ ಬಂದ ಮೇಲೆ ಹಾಳೆಗೆ ಬೆಲೆ ಬಂತು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ನಿಷೇಧಿಸಿತು. 2019ರಲ್ಲಿ ಎಲೆ, ಹಾಳೆಗಳ ತಟ್ಟೆಯ ಮೇಲಿನ ಶೇ. 5ರ ಜಿಎಸ್‌ಟಿ ಹೋಯಿತು. 2021ರ ಜುಲೈಯಲ್ಲಿ ಯುರೋಪ್ ಒಕ್ಕೂಟ, ಮರುವರ್ಷ ಅದೇ ತಿಂಗಳು ಇಡೀ ಭಾರತ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆಗೆ ಬಾಗಿಲು ಹಾಕಿದವು.

ಈ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಪುತ್ತೂರು ಕಡೆಯ ಒಂದು ಘಟಕದಲ್ಲಿ. ಹೆಂಚಿನ ಮಾಡು, ನಾಲ್ಕು ಯಂತ್ರ, ಐದು ಜನ ಹೆಂಗಸರು. ಒಣಗಿದ ಹಾಳೆಯನ್ನು ತೊಟ್ಟಿಯ ನೀರಿನಲ್ಲಿ ನೆನೆಹಾಕಿ, ಬ್ರಷ್‌ನಿಂದ ತಿಕ್ಕಿ, ನೀರು ಸೋರಲು ಓರೆಯಾಗಿ ನಿಲ್ಲಿಸುತ್ತಾರೆ. ಕಾದ ಅಚ್ಚಿನಡಿ ಇಟ್ಟು ಒತ್ತಿದರೆ ಚುಂಯ್ ಎಂದು ಆವಿ ಏಳುತ್ತದೆ; ಬೇಯಿಸಿದ ಗೆಣಸಿನಂಥ ವಾಸನೆ. ಅಂಟಿಲ್ಲ, ಬಣ್ಣವಿಲ್ಲ. ಒಂದು ಹಾಳೆಗೆ ದೊಡ್ಡ ತಟ್ಟೆ ಒಂದು, ಹೆಚ್ಚೆಂದರೆ ಎರಡು. ಉಳಿದ ಅಂಚಿನಲ್ಲಿ ಸಣ್ಣ ಬಟ್ಟಲು. ಕಷ್ಟವಿರುವುದು ಯಂತ್ರದ ಆಚೆ. ಹಾಳೆ ಹೆಚ್ಚು ಬೀಳುವುದು ಬೇಸಿಗೆಯಲ್ಲಿ, ಒಂದು ಮಳೆಗೆ ನೆನೆದರೂ ಬೂಸ್ಟು ಹಿಡಿದು ಕಪ್ಪಾಗುತ್ತದೆ. ಹಾಗಾಗಿ ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ್ದನ್ನು ಮೇ ಒಳಗೆ ಒಣಗಿಸಿ ಅಟ್ಟ ತುಂಬಿಸಬೇಕು. ಅಷ್ಟು ಹಾಳೆ ಮುಂಗಡ ಕೊಳ್ಳುವ ದುಡ್ಡು ಸಣ್ಣವರ ಕೈಯಲ್ಲಿ ಇರುವುದಿಲ್ಲ. ಕರೆಂಟು ಹೋದರೆ ಅಚ್ಚು ತಣ್ಣಗಾಗುತ್ತದೆ, ಅರ್ಧ ದಿನದ ಕೂಲಿಯೂ ಹೋಗುತ್ತದೆ.

ಆದರೂ ಎಲೆಚುಕ್ಕಿ, ಹಳದಿ ರೋಗದಿಂದ ಸೋತ ತೋಟದವರಿಗೆ ಇದು ಕೈಗೆ ಸಿಗುವ ಕಾಸು. ಹಾಳೆ ಹೆಕ್ಕುವವರಿಗೆ, ಒಣಗಿಸುವವರಿಗೆ, ರಿಕ್ಷಾದಲ್ಲಿ ಸಾಗಿಸುವವರಿಗೆ ಕೊಟ್ಟ ದುಡ್ಡು ಅದೇ ಊರಿನ ಅಂಗಡಿಗೆ ಬರುತ್ತದೆ. ನನಗೆ ಈ ಕಸುಬಿನ ಮೇಲೆ ಪ್ರೀತಿ ಇರುವುದು ಅದಕ್ಕೇ.

ಊರಿನ ಹೋಟೆಲಿಗೆ ಮಾತ್ರ ಹಾಳೆ ತಟ್ಟೆ ತುಟ್ಟಿ. ಒಳಗೆ ತೆಳು ಪ್ಲಾಸ್ಟಿಕ್ ಹಚ್ಚಿದ ಕಾಗದದ ತಟ್ಟೆ ಅಗ್ಗಕ್ಕೆ ಸಿಗುತ್ತಿತ್ತು. ಒಳ್ಳೆಯ ಬೆಲೆ ಕೊಟ್ಟವರು ಹೊರದೇಶದವರು, ಘಟಕಗಳು ಅತ್ತ ತಿರುಗಿದವು. ಬೇಡಿಕೆ ಏರುತ್ತಿದ್ದಾಗ ಸುರಕ್ಷತೆಯ ಪರೀಕ್ಷೆ, ದಾಖಲೆಗಳ ಮಾತು ಹಿಂದೆ ಉಳಿಯಿತು. ಮೇ ತಿಂಗಳ ಸೂಚನೆ ಬಂದಾಗ ಎದುರಿಡಲು ಸಣ್ಣವರ ಕೈಯಲ್ಲಿ ಏನೂ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕ ಎಂದದ್ದು ಅಡಿಕೆಯನ್ನು, ಅದೂ ಜಗಿಯುವವರ ಅಧ್ಯಯನಗಳ ಮೇಲೆ. ಹಾಳೆಯ ವಿಚಾರ ಬೇರೆಯೇ ಅಳೆಯಬೇಕಾದದ್ದು: ಬಿಸಿ ಸಾರು ಬಿದ್ದಾಗ ಎಷ್ಟು ಇಳಿಯುತ್ತದೆ, ಅರ್ಧ ಗಂಟೆಯ ಊಟದಲ್ಲಿ ಎಷ್ಟು? ಆ ಖರ್ಚನ್ನು ನಾಲ್ಕು ಯಂತ್ರದ ಘಟಕದ ತಲೆಗೆ ಕಟ್ಟಲಾಗದು. ಸರ್ಕಾರಿ ಪ್ರಯೋಗಾಲಯದಲ್ಲೇ ಪರೀಕ್ಷೆ ನಡೆದು, ಫಲಿತಾಂಶ ಏನೇ ಬರಲಿ, ಮಾಡುವವರಿಗೂ ಉಣ್ಣುವವರಿಗೂ ಕನ್ನಡದಲ್ಲೇ ತಿಳಿಯಬೇಕು.

ಪುತ್ತೂರಿನ ಆ ಘಟಕದಲ್ಲಿ ರಫ್ತಿಗೆಂದು ತಂದ ಚೌಕದ ಅಚ್ಚುಗಳನ್ನು ಕಳಚಿ ಗೋಣಿಯಲ್ಲಿ ಸುತ್ತಿಟ್ಟಿದ್ದಾರೆ. ಈಗ ನಾಲ್ಕು ಯಂತ್ರಕ್ಕೂ ಕೂರಿಸಿರುವುದು ದುಂಡನೆಯ ದೊಡ್ಡ ಅಚ್ಚು. ಜಾತ್ರೆಯ ಅನ್ನಸಂತರ್ಪಣೆಗೆ ಅಂಥದ್ದೇ ಬೇಕಂತೆ.