ಮನೆ ಹಿಂದಿನ ಗೋಡೆ ನಕ್ಷೆಯಲ್ಲಿ ಇದೆಯಾ?

‘ಮನೆಗೆ ಲೈಸೆನ್ಸ್ ಆಗಿದೆ. ಹಿಂದೆ ಗುಡ್ಡದ ಮಣ್ಣು ತಡೆಯಲು ಕಟ್ಟುವ ಗೋಡೆಗೂ ಬೇಕಾ ಸರ್?’ ಮಂಗಳೂರು, ಬಂಟ್ವಾಳ, ಪುತ್ತೂರು ಕಡೆ ಗುಡ್ಡದ ಜಾಗದಲ್ಲಿ ಮನೆ ಕಟ್ಟುವವರು ಕೇಳುವ ಪ್ರಶ್ನೆ ಇದು. ಜಾಸ್ತಿ ಜನ ಕೇಳುವುದು ಹಿಟಾಚಿ ಬಂದು ದರೆ (ಗುಡ್ಡದ ಅಂಚು) ಕಡಿದು ಹೋದ ಮೇಲೆ.

ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಪಂಚಾಯಿತಿಯ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಪೇಟೆಯಲ್ಲಾದರೆ ಪಾಲಿಕೆ ಅಥವಾ ಪುರಸಭೆಗೆ ಹೋಗಬೇಕು. ಎಲ್ಲೇ ಆದರೂ ಪರವಾನಗಿ ಸಿಗುವುದು ನಕ್ಷೆಯಲ್ಲಿ ತೋರಿಸಿದ್ದಕ್ಕೆ ಮಾತ್ರ. ಕನ್ವರ್ಷನ್ ಆಗಿದೆ, ಪಂಚಾಯಿತಿಯ ಫಾರ್ಮ್ 9/11 ಆಗಿದೆ, ಲೇಔಟ್ ಅಪ್ರೂವಲ್ ಆಗಿದೆ ಅಂತ ದಪ್ಪ ಫೈಲ್ ಮುಂದಿಡುತ್ತಾರೆ. ಅವೆಲ್ಲ ಜಾಗದ ಕಾಗದಗಳು. ಹನ್ನೆರಡು ಅಡಿ ಗುಡ್ಡ ಕಡಿಯುವ ವಿಚಾರ ಅವುಗಳಲ್ಲಿ ಬರುವುದೇ ಇಲ್ಲ. ಕಡಿದ ಮಣ್ಣನ್ನು ಟಿಪ್ಪರಿನಲ್ಲಿ ಹೊರಗೆ ಸಾಗಿಸುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿಯೂ ಬೇಕು. ಅದನ್ನು ಹೆಚ್ಚಿನವರು ಟಿಪ್ಪರಿನವನ ತಲೆನೋವು ಅಂತ ಬಿಟ್ಟುಬಿಡುತ್ತಾರೆ.

ಈಗ ನಿಮ್ಮ ಮನೆಯ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಹತ್ತು ಸೆಂಟ್ಸ್ ಜಾಗ, ಸುತ್ತ ಒಂದು ಗೆರೆ, ಪಕ್ಕದಲ್ಲಿ ‘ಕಂಪೌಂಡ್ ಗೋಡೆ’ ಎಂಬ ಬರಹ. ಮನೆಯ ಅಡ್ಡಸೀಳು ಚಿತ್ರದಲ್ಲಿ ನೆಲ ಕೇರಂ ಬೋರ್ಡಿನ ಹಾಗೆ ಸಪಾಟು. ಹಿಂದಿರುವ ಗುಡ್ಡ ಎಲ್ಲೂ ಇಲ್ಲ. ನಕ್ಷೆ ಪರಿಶೀಲಿಸುವವರು ಸೆಟ್‌ಬ್ಯಾಕ್ ನೋಡುತ್ತಾರೆ, ರಸ್ತೆಯ ಅಗಲ ನೋಡುತ್ತಾರೆ, ಎಷ್ಟು ಚದರಡಿ ಅಂತ ನೋಡುತ್ತಾರೆ. ಅಡುಗೆಮನೆಯಿಂದ ನಾಲ್ಕಡಿ ದೂರದಲ್ಲಿ ನೇರವಾಗಿ ಕಡಿದು ನಿಲ್ಲಿಸಿದ ದರೆ ಅವರ ಕಣ್ಣಿಗೆ ಬೀಳಲು ದಾರಿಯೇ ಇಲ್ಲ. ಇದರಲ್ಲಿ ಅವರಿಗಿಂತ ನಕ್ಷೆ ಬರೆದುಕೊಡುವ ನಮ್ಮವರ ಪಾಲೇ ದೊಡ್ಡದು ಅಂತ ನನಗನ್ನಿಸುತ್ತದೆ.

ಗೋಡೆಯ ಎರಡೂ ಬದಿ ನೆಲ ಒಂದೇ ಮಟ್ಟದಲ್ಲಿದ್ದರೆ ಅದು ಕಂಪೌಂಡ್. ಒಂದು ಬದಿ ಮಣ್ಣು ಎತ್ತರಕ್ಕಿದ್ದರೆ, ಹೆಸರು ಏನೇ ಇರಲಿ, ಅದು ತಡೆಗೋಡೆಯ ಕೆಲಸ ಮಾಡುತ್ತಿದೆ. ತಗ್ಗಿನ ಜಾಗಕ್ಕೆ ಮಣ್ಣು ತುಂಬಿಸಿ ಅಂಗಳ ಎತ್ತರಿಸಿದವರಿಗೂ ಇದೇ ಮಾತು. ಕೆಂಪುಕಲ್ಲಿನ ಒಂಬತ್ತಿಂಚಿನ ಕಂಪೌಂಡ್ ಇದೆ, ಅದರ ಒಳಬದಿಗೆ ಐದಡಿ ಮಣ್ಣು ಸುರಿಯುತ್ತಾರೆ, ಮೇಲೆ ಇಂಟರ್‌ಲಾಕ್ ಹಾಕಿ ಕಾರು ನಿಲ್ಲಿಸುತ್ತಾರೆ. ಆ ಗೋಡೆಯನ್ನು ಅದಕ್ಕಾಗಿ ಕಟ್ಟಿದ್ದಲ್ಲ ಮಾರಾಯ್ರೆ.

ಎಷ್ಟು ಎತ್ತರದಿಂದ ಎಂಜಿನಿಯರ್ ಬೇಕು ಎಂಬುದಕ್ಕೆ ಅಮೆರಿಕದವರ ಲೆಕ್ಕ ನನಗೆ ಇಷ್ಟ. ಅಲ್ಲಿನ ಬಹುತೇಕ ಊರುಗಳ ನಿಯಮಗಳಿಗೆ ಆಧಾರವಾದ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್‌ನಲ್ಲಿ, 4 ಅಡಿ ಮೀರದ ತಡೆಗೋಡೆಗೆ ಪರ್ಮಿಟ್ ಬೇಡ. ಆದರೆ ಆ 4 ಅಡಿಯನ್ನು ನೆಲದಿಂದ ಅಳೆಯುವುದಿಲ್ಲ, ಪಾಯದ ತಳದಿಂದ ಅಳೆಯುತ್ತಾರೆ. ಪಾಯ ಒಂದೂವರೆ ಅಡಿ ಕೆಳಗಿದ್ದರೆ ಕಣ್ಣಿಗೆ ಕಾಣುವುದು ಎರಡೂವರೆ ಅಡಿ ಮಾತ್ರ. ಗೋಡೆಯ ಹಿಂದಿನ ಮಣ್ಣಿನ ಮೇಲೆ ಕಾರೋ, ಕಟ್ಟಡವೋ ಭಾರ ಹಾಕುತ್ತಿದ್ದರೆ ಈ ರಿಯಾಯಿತಿಯೂ ಇಲ್ಲ. ನಮ್ಮಲ್ಲಿ ಕಾಯ್ದೆ ಏನೇ ಹೇಳಲಿ, ನಾನು ಗಿರಾಕಿಗಳಿಗೆ ಹೇಳುವುದು ಇದೇ ಅಳತೆ. ಅದಕ್ಕೂ ಮೇಲಾದರೆ ಮೇಸ್ತ್ರಿಯ ಅಂದಾಜು ಸಾಲದು.

ಕಾರಣ ಇದೆ. ಗೋಡೆಯ ಎತ್ತರ ಎರಡರಷ್ಟಾದರೆ ಮಣ್ಣಿನ ತಳ್ಳುಬಲ ನಾಲ್ಕರಷ್ಟಾಗುತ್ತದೆ. ಗೋಡೆಯನ್ನು ಮಗುಚಿ ಹಾಕುವ ಬಲ ಎಂಟರಷ್ಟು. ಹತ್ತಡಿ ಎತ್ತರದ ಗೋಡೆಯ ಹಿಂದೆ ಸಾಮಾನ್ಯ ಒಣ ಮಣ್ಣಿದ್ದರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಎರಡೂ ಮುಕ್ಕಾಲು ಟನ್ ಒತ್ತಡ. ಅದೇ ಮಣ್ಣಿನಲ್ಲಿ ನೀರು ಮೇಲಿನವರೆಗೆ ತುಂಬಿ ನಿಂತರೆ ಆರು ಟನ್ ಹತ್ತಿರ ಹೋಗುತ್ತದೆ. ಮಾರ್ಚ್‌ನಲ್ಲಿ ಗಟ್ಟಿಯಾಗಿ ನಿಂತಿದ್ದ ಗೋಡೆ ಜುಲೈಯಲ್ಲಿ ಹೋಗುವುದು ಹೀಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಇಲ್ಲಿ ಗೋಡೆಯ ದಪ್ಪಕ್ಕಿಂತ ಮೊದಲು ನೀರಿನ ದಾರಿ ಕೇಳಬೇಕು.

ಮಣ್ಣಿನದೂ ಒಂದು ಕತೆ ಇದೆ. ಮೇಲೆ ಕೆಂಪುಕಲ್ಲಿನ ಪದರ, ಗಟ್ಟಿ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಪಿಕಾಸಿಗೂ ಬಗ್ಗದ ಇದು ನೆನೆದರೆ ಕೆಸರಿನಂತೆ ಜಾರುತ್ತದೆ. ಆಳವಾಗಿ ಕಡಿದಾಗ ಹೊರಬರುವುದು ಈ ಪದರವೇ. ಬೇಸಿಗೆಯಲ್ಲಿ ಅದನ್ನು ನೋಡಿ ‘ಕಲ್ಲಿನ ಹಾಗಿದೆ, ಗೋಡೆ ಬೇಡ’ ಎನ್ನುವವರಿದ್ದಾರೆ. ಕಡಿದ ಮುಖದಲ್ಲಿ ಬಿಳಿ ಮಣ್ಣು ಕಂಡರೆ ಕೆಲಸ ನಿಲ್ಲಿಸಿ ಎಂಜಿನಿಯರ್‌ಗೆ ಫೋನ್ ಮಾಡಿ.

ಪಕ್ಕದವರ ಹಕ್ಕು ಇನ್ನೂ ಸೂಕ್ಷ್ಮ. 1882ರ ಈಸ್‌ಮೆಂಟ್ ಕಾಯ್ದೆ ಮದ್ರಾಸ್ ಪ್ರಾಂತ್ಯದ ಕಾಲದಿಂದಲೇ ನಮ್ಮ ಜಿಲ್ಲೆಗೆ ಅನ್ವಯವಾಗುತ್ತದೆ. ಅದರ 7ನೇ ಸೆಕ್ಷನ್ ಪ್ರಕಾರ, ಸಹಜ ಸ್ಥಿತಿಯಲ್ಲಿರುವ ಜಮೀನಿಗೆ ಪಕ್ಕದ ಜಮೀನಿನ ಮಣ್ಣಿನ ಆಸರೆ ಸಿಗಬೇಕಾದದ್ದು ಆ ಮಾಲೀಕನ ಹಕ್ಕು. ನೀವು ನಿಮ್ಮ ಜಾಗದಲ್ಲೇ ಕಡಿದಿರಬಹುದು. ಮೇಲಿನವರ ತೋಟ ಜರಿದು ಬಂದರೆ ‘ನನ್ನ ಜಾಗ, ನನ್ನಿಷ್ಟ’ ಎಂಬ ಮಾತು ನಿಲ್ಲುವುದಿಲ್ಲ. ಮೇಲೆ ಹಳೆಯ ಮನೆ ಇದ್ದು, ಇಪ್ಪತ್ತು ವರ್ಷ ತಕರಾರಿಲ್ಲದೆ ನಿಮ್ಮ ಮಣ್ಣಿನ ಆಸರೆಯಲ್ಲಿ ನಿಂತಿದ್ದರೆ ಅದಕ್ಕೂ ಹಕ್ಕು ಬರಬಹುದು. ಕೆಳಗಿನವರ ವಿಷಯ ಹಣದಲ್ಲಿ ಮುಗಿಯುವಂಥದ್ದಲ್ಲ. 2024ರ ಜೂನ್ 26ರಂದು ಉಳ್ಳಾಲದ ಮದನಿ ನಗರದಲ್ಲಿ ಪಕ್ಕದ ಮನೆಯ ಕಂಪೌಂಡ್ ಗೋಡೆ ಕುಸಿದು ಬಿದ್ದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು.

ಹಾಗಾಗಿ ಅರ್ಜಿ ಹಾಕುವಾಗಲೇ ಗುಡ್ಡವನ್ನೂ ಸೇರಿಸಿ ಒಂದು ಅಡ್ಡಸೀಳು ಚಿತ್ರ ಬರೆಸಿ. ಈಗಿನ ನೆಲದ ಮಟ್ಟ, ಕಡಿದ ಮೇಲಿನ ಮಟ್ಟ, ಗೋಡೆಯ ತಳ, ಗಡಿಯಿಂದ ಅಂತರ, ಮೇಲೆ ಏನಿದೆ, ನೀರು ಯಾವ ಚರಂಡಿಗೆ ಹೋಗುತ್ತದೆ, ಇಷ್ಟು ಸಾಕು. ಕಚೇರಿಯಲ್ಲಿ ಯಾರೂ ಕೇಳದಿದ್ದರೂ ಕೊಡಿ. ಗುಡ್ಡಗಾಡಿನ ತಡೆಗೋಡೆಗಳಿಗೆಂದೇ ಐಎಸ್ 14458 ಎಂಬ ಮಾರ್ಗಸೂಚಿ ಇದೆ, ವಿನ್ಯಾಸ ಅದರಂತೆ ಇದೆಯೇ ಎಂದು ಎಂಜಿನಿಯರ್‌ನ್ನು ಕೇಳಲು ನಾಚಿಕೆ ಬೇಡ. ಕಾಂಕ್ರೀಟ್ ಇಲ್ಲದೆ ಬರೀ ಕಲ್ಲಿನ ಗೋಡೆಯಾದರೆ ತಳದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದಾಗ ನನಗೆ ಅನುಮಾನ ಶುರುವಾಗುತ್ತದೆ. ಗೋಡೆಯ ಬೆನ್ನಿಗೆ ಜಲ್ಲಿ ತುಂಬಿಸಿ, ನೀರು ಹೊರಬರಲು ಪೈಪ್ ಇಡಬೇಕು. ಜಲ್ಲಿ ಇಲ್ಲದೆ ಸುಮ್ನೆ ಪೈಪ್ ತೂರಿಸಿದರೆ ಎರಡು ಮಳೆಗಾಲದಲ್ಲಿ ಮಣ್ಣು ಕಟ್ಟಿಕೊಳ್ಳುತ್ತದೆ.

ಕಡಿಯುವ ಕೆಲಸ ಮಳೆ ಪೂರ್ತಿ ನಿಂತ ಮೇಲೆ ಶುರುವಾಗಲಿ, ಗೋಡೆ ಮೇ ತಿಂಗಳಿಗೆ ಮೊದಲು ಮುಗಿಯಲಿ. ಉದ್ದಕ್ಕೂ ಒಂದೇ ದಿನ ಕಡಿಯಬೇಡಿ. ಸ್ವಲ್ಪ ಉದ್ದ ಕಡಿದು, ಅಲ್ಲಿ ಗೋಡೆ ಎಬ್ಬಿಸಿ, ಆಮೇಲೆ ಮುಂದಿನದು. ಹಿಟಾಚಿಯವರಿಗೆ ಇದು ಇಷ್ಟವಾಗುವುದಿಲ್ಲ, ಗಂಟೆ ಲೆಕ್ಕದ ಬಾಡಿಗೆ ಅಲ್ವಾ.

ಗೋಡೆ ಈಗಾಗಲೇ ಇದ್ದು ಹೊಟ್ಟೆ ಬಂದಿದ್ದರೆ, ಅಥವಾ ಮೇಲಿನ ನೆಲದಲ್ಲಿ ಗೋಡೆಗೆ ಸಮಾನಾಂತರವಾಗಿ ಬಿರುಕು ಕಂಡರೆ, ಮಳೆಗಾಲದಲ್ಲಿ ಆ ಬದಿಯ ಕೋಣೆಯಲ್ಲಿ ಮಲಗಬೇಡಿ. ಗೋಡೆ ಪಕ್ಕದವರದ್ದಾದರೆ ಫೋಟೊ ಸಮೇತ ಪಿಡಿಒಗೆ ಅಥವಾ ಪಾಲಿಕೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.