ಟರ್ಬೊ ಕಾರಿನ ಎಳೆತ ಕುಂದಿದಾಗ ಮೊದಲು ನೋಡಬೇಕಾದದ್ದು

ಮಾರ್ಪಡಿಸಿದ ಟರ್ಬೊ ಕಾರಿನ ಎಳೆತ ಕಡಿಮೆಯಾದರೆ ಮಾಲೀಕರು ಮೊದಲು ಶಂಕಿಸುವುದು ಎಂಜಿನ್‌ಗೆ ಒತ್ತಡದಿಂದ ಗಾಳಿ ತುಂಬುವ ಟರ್ಬೊವನ್ನೇ. ವಾಸ್ತವದಲ್ಲಿ ಬಿಚ್ಚಬೇಕಾದ ಕೊನೆಯ ಭಾಗ ಅದು. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ), ಪೈಪು ಹಾಗೂ ಹೋಸುಗಳನ್ನು ಬದಲಿಸಿದ ಕಾರಿನಲ್ಲಿ ಜೋಡಣೆಗಳು ಹೆಚ್ಚು, ಆದ್ದರಿಂದ ಗಾಳಿ ಸೋರುವ ಸಾಧ್ಯತೆಯೂ ಹೆಚ್ಚು.

ಒಳಬರುವ ಗಾಳಿಯನ್ನು ಏರ್‌ಫ್ಲೋ ಸೆನ್ಸರ್‌ನಿಂದ ಅಳೆಯುವ ಎಂಜಿನ್‌ನಲ್ಲಿ ಸೋರಿಕೆಯ ಜಾಗವನ್ನು ಲಕ್ಷಣಗಳಿಂದಲೇ ಊಹಿಸಬಹುದು. ಥ್ರಾಟಲ್ (ಗಾಳಿಯ ಪ್ರಮಾಣ ನಿಯಂತ್ರಿಸುವ ಕವಾಟ) ಆಚೆಗಿನ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲಿ ರಂಧ್ರವಿದ್ದರೆ, ಐಡ್ಲಿಂಗ್‌ನಲ್ಲಿ ಅಳತೆಗೆ ಸಿಗದ ಗಾಳಿ ಒಳಹೊಕ್ಕು ಮಿಶ್ರಣದಲ್ಲಿ ಇಂಧನ ಕಡಿಮೆಯಾಗುತ್ತದೆ. ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಏರಿದಾಗ ಅದೇ ರಂಧ್ರದಿಂದ ಅಳೆದ ಗಾಳಿ ಹೊರಹೋಗಿ ಇಂಧನ ಹೆಚ್ಚಾಗುತ್ತದೆ, ಕಪ್ಪು ಹೊಗೆಯೂ ಕಾಣಬಹುದು. ಐಡ್ಲಿಂಗ್ ಸರಿಯಿದ್ದು ಬೂಸ್ಟ್‌ನಲ್ಲಿ ಮಾತ್ರ ಹೀಗಾದರೆ ಸೋರಿಕೆ ಥ್ರಾಟಲ್‌ಗಿಂತ ಮೊದಲೇ ಇರುವ ಪೈಪಿನಲ್ಲಿರುವ ಸಂಭವ ಹೆಚ್ಚು. ಎಂಜಿನ್ ನಿಲ್ಲಿಸಿ, ಟರ್ಬೊದ ಒಳಬಾಯಿಯಿಂದ ಹಿತಮಿತವಾದ ಒತ್ತಡದಲ್ಲಿ ಗಾಳಿ ತುಂಬಿ, ಜೋಡಣೆಗಳ ಮೇಲೆ ಸೋಪುನೀರು ಸಿಂಪಡಿಸಿದರೆ ಗುಳ್ಳೆಗಳೇ ಜಾಗ ತೋರಿಸುತ್ತವೆ. ಸೋರಿಕೆ ಇಲ್ಲದೆಯೂ ಪೂರ್ಣ ಬೂಸ್ಟ್‌ನಲ್ಲಿ ಮಾತ್ರ ಎಂಜಿನ್ ಮಿಸ್ ಹೊಡೆದರೆ ಸ್ಪಾರ್ಕ್ ಪ್ಲಗ್‌ನ ಗ್ಯಾಪ್ ನೋಡಿ: ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಹೆಚ್ಚು ಬೂಸ್ಟ್‌ನ ಹಲವು ಎಂಜಿನ್‌ಗಳಲ್ಲಿ 0.6ರಿಂದ 0.7 ಮಿ.ಮೀ.ನಷ್ಟು ಕಿರಿದಾದ ಗ್ಯಾಪ್ ಇಡುವುದು ಇದೇ ಕಾರಣಕ್ಕೆ.

ಬಹುಮಂದಿ ಗಮನಿಸದ ಇನ್ನೊಂದು ಕಾರಣವಿದೆ. ಸಸ್ಪೆನ್ಷನ್ ಜೊತೆಗೆ ಎಂಜಿನ್ ಮೌಂಟ್‌ಗಳನ್ನೂ (ಎಂಜಿನ್ ಕೂರುವ ಆಧಾರಗಳು) ಗಟ್ಟಿಯಾದ ಪಾಲಿಯುರೇಥೇನ್‌ಗೆ ಬದಲಿಸಿದಾಗ ಹೆಚ್ಚುವ ಕಂಪನವನ್ನು ನಾಕ್ ಸೆನ್ಸರ್ ನಾಕಿಂಗ್ (ಸಿಲಿಂಡರ್‌ನಲ್ಲಿ ಇಂಧನ ಅಕಾಲದಲ್ಲಿ ಸಿಡಿಯುವುದು) ಎಂದು ತಪ್ಪಾಗಿ ಓದಬಹುದು. ಆಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್ ಹಿಂದೆ ಸರಿಸುತ್ತದೆ, ಅಂದರೆ ಕಿಡಿಯನ್ನು ತಡವಾಗಿ ಹಾರಿಸುತ್ತದೆ, ಎಳೆತ ಕುಂದುತ್ತದೆ. ನಾಕಿಂಗ್ ತಡೆಯುವ ಹೆಚ್ಚು ಆಕ್ಟೇನ್‌ನ ಇಂಧನ ಹಾಕಿದ ಮೇಲೂ ಅದೇ ಆರ್‌ಪಿಎಮ್‌ನಲ್ಲಿ, ಕಡಿಮೆ ಲೋಡ್‌ನಲ್ಲಿಯೂ ಟೈಮಿಂಗ್ ಹಿಂಜರಿದರೆ ಈ ಶಂಕೆ ಬಲಗೊಳ್ಳುತ್ತದೆ. ಖಾತ್ರಿಯಾಗದೆ ಸೆನ್ಸರ್‌ನ ಸಂವೇದನೆ ತಗ್ಗಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಜವಾದ ನಾಕಿಂಗ್ ಪಿಸ್ಟನ್‌ನ ರಿಂಗ್ ಕೂರುವ ಅಂಚನ್ನು ಒಡೆದುಬಿಡಬಲ್ಲದು.

ಎಳೆತದ ಮಾತು ಬಿಟ್ಟು ಸಸ್ಪೆನ್ಷನ್ ವಿಷಯಕ್ಕೆ ಬಂದರೆ, ಕಾರನ್ನು ತಗ್ಗಿಸುವ ಉತ್ಸಾಹವೇ ಹೆಚ್ಚಿನ ತೊಂದರೆಗಳಿಗೆ ಮೂಲ. ತಗ್ಗಿಸಿದಷ್ಟೂ ಚಕ್ರ ಮೇಲೇರುವ ಅವಕಾಶ ಕಡಿಮೆಯಾಗುತ್ತದೆ. ತಿರುವಿನ ಮಧ್ಯದಲ್ಲಿ ಬಂಪ್ ಸ್ಟಾಪ್ (ಚಕ್ರದ ಮೇಲ್ಚಲನೆಯನ್ನು ತಡೆಯುವ ರಬ್ಬರ್ ತಡೆ) ತಗುಲಿದರೆ ಸ್ಪ್ರಿಂಗ್ ಏಕಾಏಕಿ ಹಲವು ಪಟ್ಟು ಗಟ್ಟಿಯಾದಂತಾಗಿ ಟೈರ್ ಹಿಡಿತ ಬಿಡುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುವ ಕಾರನ್ನು ಅತಿಯಾಗಿ ಇಳಿಸಿದರೆ ರೋಲ್ ಸೆಂಟರ್ (ಬಾಡಿ ವಾಲುವಾಗ ತಿರುಗುವ ಬಿಂದು) ಗುರುತ್ವಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿದು, ತಿರುವಿನಲ್ಲಿ ಬಾಡಿ ವಾಲುವ ಪ್ರವೃತ್ತಿ ಕಡಿಮೆಯಾಗುವ ಬದಲು ಹೆಚ್ಚಬಹುದು. ಎತ್ತರ ನಿರ್ಧರಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಅದಕ್ಕೂ ಮೊದಲು, ಕಾರಿನ ಭಾರ ಚಕ್ರಗಳ ಮೇಲೆಯೇ ಇರುವಾಗ ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಶ್‌ಗಳ ಬೋಲ್ಟುಗಳನ್ನು ಬಿಗಿಗೊಳಿಸಬೇಕು. ಜಾಕ್ ಮೇಲೆ ಚಕ್ರ ತೂಗಾಡುವಾಗ ಬಿಗಿದ ಬುಶ್ ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗನೆ ಹರಿದುಹೋಗುತ್ತದೆ.