ಕುದುರೆಯ ಕಾಲು ಎಣಿಸಿ ಚರಿತ್ರೆ ಓದಬೇಡಿ

ಪ್ರಶ್ನೆ: ನಮ್ಮ ಕಾಲೇಜಿನ ಅಂಗಳದಲ್ಲಿರುವ ರಾಣಿ ಚನ್ನಮ್ಮನ ಪ್ರತಿಮೆಯಲ್ಲಿ ಕುದುರೆಯ ಎರಡೂ ಮುಂಗಾಲುಗಳು ಮೇಲಿವೆ. ರಾಣಿ ರಣರಂಗದಲ್ಲೇ ಮಡಿದರೆಂಬುದಕ್ಕೆ ಅದೇ ಗುರುತು ಎನ್ನುತ್ತಾರೆ ಹಿರಿಯ ವಿದ್ಯಾರ್ಥಿಗಳು. ನಿಜವೇ?
– ಪ್ರಥಮ ವರ್ಷದ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ನಿಜವಲ್ಲ. ಕಿತ್ತೂರು ಉತ್ಸವ ಹತ್ತಿರವಾದಂತೆ ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ, ನಾನೂ ಉತ್ತರಿಸುತ್ತೇನೆ. ಮರುವರ್ಷ ಹೊಸಬರನ್ನು ಅದೇ ಕಟ್ಟೆಯ ಮುಂದೆ ನಿಲ್ಲಿಸಿ ಅದೇ ಪಾಠ ಒಪ್ಪಿಸಲಾಗುತ್ತದೆ: ಎರಡು ಕಾಲು ಮೇಲಿದ್ದರೆ ಯುದ್ಧದಲ್ಲಿ ಸಾವು, ಒಂದಿದ್ದರೆ ಗಾಯದಿಂದ ಸಾವು, ನಾಲ್ಕೂ ನೆಲಕ್ಕಿದ್ದರೆ ಸಹಜ ಸಾವು. ಪರೀಕ್ಷೆಯ ದಿನ ಪೀಠ ಮುಟ್ಟಿ ನಮಸ್ಕರಿಸುವುದಕ್ಕೆ ನನ್ನ ತಕರಾರಿಲ್ಲ. ಈ ಲೆಕ್ಕಕ್ಕೆ ಮಾತ್ರ ಇದೆ.

ಮ್ಯಾಡ್ರಿಡ್‌ನಲ್ಲಿ ಸ್ಪೇನಿನ ದೊರೆ ನಾಲ್ಕನೆಯ ಫಿಲಿಪ್‌ನ ಪ್ರತಿಮೆಯಿದೆ. ಕುದುರೆ ಹಿಂಗಾಲಿನ ಮೇಲೆ ನಿಂತಿದೆ. ಶಿಲ್ಪಿ ಪಿಯೆತ್ರೊ ತಕ್ಕಾ ಅದನ್ನು 1640ರಲ್ಲಿ ಮುಗಿಸಿದಾಗ ದೊರೆ ಬದುಕಿದ್ದ. ಸತ್ತದ್ದು 1665ರಲ್ಲಿ, ಕಾಯಿಲೆಯಿಂದ. ಬದುಕಿರುವವನ ಸಾವಿನ ಬಗೆಯನ್ನು ಶಿಲ್ಪಿ ಹೇಗೆ ಕಂಡಾನು? ನಮ್ಮಲ್ಲೇ ನೋಡಿ. ಮುಂಗಾಲೆತ್ತಿದ ಕುದುರೆಯ ಮೇಲೆ ಕಾಣುವ ಶಿವಾಜಿ 1680ರಲ್ಲಿ ತೀರಿಕೊಂಡದ್ದು ರಾಯಗಡದಲ್ಲಿ, ಅನಾರೋಗ್ಯದಿಂದ. ಶಿಲ್ಪಿ ಕಾಲೆತ್ತಿಸುವುದು ಆವೇಗ ತೋರಿಸಲು. ಎಷ್ಟು ಎತ್ತಬಹುದೆಂಬುದನ್ನು ತೂಕ ನಿರ್ಧರಿಸುತ್ತದೆ. ಎರಡೂ ಮುಂಗಾಲು ಎತ್ತಿದರೆ ಅಷ್ಟೂ ಭಾರ ಹಿಂಗಾಲಿಗೆ ಬೀಳುತ್ತದೆ. ಅದಕ್ಕೇ ಹಲವು ಪ್ರತಿಮೆಗಳಲ್ಲಿ ಬಾಲವೂ ಆಸರೆಯಾಗಿ ನೆಲ ಮುಟ್ಟುತ್ತದೆ.

ಈ ಕಟ್ಟುಕಥೆ ನನ್ನನ್ನು ನೋಯಿಸುವುದಕ್ಕೆ ಬೇರೆಯೇ ಕಾರಣವಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ಆಮೇಲೆ ರಾಣಿ ಬೈಲಹೊಂಗಲದಲ್ಲಿ ನಾಲ್ಕು ವರ್ಷ ಸೆರೆಯಲ್ಲಿದ್ದು, 1829ರಲ್ಲಿ ಅಲ್ಲಿಯೇ ತೀರಿಕೊಂಡರು. ಸಮಾಧಿಯೂ ಅಲ್ಲಿದೆ. ರಣರಂಗದಲ್ಲಿ ಮಡಿದರೆಂದು ಹೇಳಿದ ಕೂಡಲೇ ಆ ನಾಲ್ಕು ವರ್ಷ ಅಳಿಸಿಹೋಗುತ್ತವೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣ ಕೋಟೆ ಬಿದ್ದ ಮೇಲೂ ಯಾರಿಗಾಗಿ ಹೋರಾಡಿದ ಎಂಬುದೂ ಅರ್ಥವಾಗುವುದಿಲ್ಲ. ನಿಮ್ಮ ಹಿರಿಯರನ್ನು ಒಂದು ಭಾನುವಾರ ಬೈಲಹೊಂಗಲದ ಬಸ್ ಹತ್ತಿಸಿ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಉತ್ಸವದ ಹಿಂದಿನ ದಿನ ಪ್ರತಿಮೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಉತ್ಸಾಹಿಗಳಿದ್ದಾರೆ. ಕಂಚಿನ ಮೇಲಿನ ಕಂದು, ಹಸಿರು ಪದರವನ್ನು ಕೊಳೆ ಎಂದುಕೊಳ್ಳಬೇಡಿ. ಒಳಗಿನ ಲೋಹವನ್ನು ಕಾಯುವುದೇ ಅದು. ಹುಳಿ ಅದನ್ನು ಕಿತ್ತುಹಾಕುತ್ತದೆ. ಬರೀ ನೀರು, ಮೆತ್ತನೆಯ ಬಟ್ಟೆ ಸಾಕು. ಹಾಕಿದ ಹಾರವನ್ನು ಕೊಳೆಯುವ ಮೊದಲೇ ತೆಗೆಯಿರಿ.